ಅಕ್ಕನ ಬೀರುವಿನ ಗೇಮ್ ಪೆಟ್ಟಿಗೆ

ಜುಲೈ ೧೪, ಭಾನುವಾರ

ಸಮಸ್ತ ದೊಡ್ಡಬಳ್ಳಾಪುರದ ಸೊಳ್ಳೆ ಮಹಾಜನಗಳೇ, ತಮ್ಮ ದಿವ್ಯ ಸನ್ನಿಧಾನದಲ್ಲಿ ಬೀರೇಶನ ಸೋಲಿನ ವರದಿ.

ಮದುವೆಗೆ ಅಕ್ಕನಿಗೆ ಹೊಸ ಸ್ಟೀಲ್ ಬೀರು ಕೊಟ್ಟಾಯ್ತಲ್ಲ, ಅವಳ ಹಳೇ ಮರದ ಬೀರು ಇನ್ಯಾರಿಗೆ ಅಂತ ಅದನ್ನೇ ಕೊಯ್ದು, ಹಳೇ ಟಿವಿ ಕೂರಿಸಿ, ವಿಡಿಯೋ ಗೇಮ್ ಪೆಟ್ಟಿಗೆ ಮಾಡಿದ್ದೆ. ಪ್ಲೈವುಡ್ ಖರ್ಚು ಉಳೀತು. ಅಕ್ಕನಿಗೂ ಒಂದು ಜಾಯ್‌ಸ್ಟಿಕ್ ಇಟ್ಟಿದ್ದೆ. ಚಿಕ್ಕಂದಿನಿಂದ ಎಲ್ಲಾ ಆಟದಲ್ಲೂ ನನ್ನನ್ನ ಸೋಲಿಸಿದವಳು ಅವಳೇ.

ಇವತ್ತು ಬಂದಳು. ನೋಡಿ ನಗಲಿಲ್ಲ.

"ಲೇ ಬೀರಾ, ಈ ಮನೇಲಿ ನಂದು ಅಂತ ಉಳಿದಿದ್ದು ಅದೊಂದೇ ಕಣೋ."

"ಒಂದಾಟ ಆಡು ಬಾರೇ ಅಕ್ಕ," ಅಂದೆ.

ಕೂತಳು, ತೊಡೆ ಮೇಲಿನ ಬ್ಯಾಗನ್ನ ಕೆಳಗಿಡಲೇ ಇಲ್ಲ. ಊಟಕ್ಕೂ ನಿಲ್ಲದೆ ಹೊಸಕೋಟೆಗೆ, ಗಂಡನ ಮನೆಗೆ ಹೊರಟುಬಿಟ್ಟಳು. ಮನೆ ಬಿಕೋ ಅಂತಿದೆ.

ಆಡದೇ ಹೋಗಿದ್ದೇ ಒಳ್ಳೇದಾಯ್ತೇನೋ. ಅವಳ ಜಾಯ್‌ಸ್ಟಿಕ್‌ಗೆ ನಾನು ವೈರೇ ಕೊಟ್ಟಿರಲಿಲ್ಲ. ಒಂದು ಸಲನಾದ್ರೂ ಗೆಲ್ಲೋಣ ಅಂತಿದ್ದೆ.