ಅಣ್ಣನಿಗೆ ಕೇಳಿಸದ ನೀರಿನ ಸದ್ದು

ಮಾರ್ಚ್ ೧೪, ಗುರುವಾರ

ಮೈಕೈ ಹಣ್ಣಾಗಿದೆ. ಆದರೂ ಆ ಕಿಡಿ ಕಣ್ಣಿಂದ ಹೋಗುತ್ತಿಲ್ಲ.

ನಮ್ಮ ಫ್ಯಾಕ್ಟರಿಯ ಮಿಷನ್ನಿನಲ್ಲಿ ಟೂಲು ಲೋಹವನ್ನು ಮುಟ್ಟಬಾರದು, ನಡುವೆ ಹರಿಯುವ ಉಪ್ಪುನೀರು ಮತ್ತು ಕರೆಂಟೇ ಲೋಹವನ್ನು ಕರಗಿಸಿ ಆಕಾರ ಕೊಡಬೇಕು, ನೀರಿನ ಸದ್ದು ಬದಲಾದರೆ ಹರಿವು ಕಟ್ಟುತ್ತಿದೆ ಅಂತ ಅರ್ಥ, ತಕ್ಷಣ ಆಫ್ ಮಾಡಬೇಕು ಅಂತ ನನಗೆ ಕಲಿಸಿದವನೇ ಅಣ್ಣ. ಇವತ್ತು ನೀರು ಗೊರಗೊರ ಅಂದಿದ್ದು ಆಚೆ ಬೆಂಚಿನಲ್ಲಿದ್ದ ನನಗೆ ಕೇಳಿಸಿತು. ಮಿಷನ್ ಮುಂದೆಯೇ ನಿಂತಿದ್ದ ಅವನು ಅಲುಗಲಿಲ್ಲ. ನಾನು ಓಡುವಷ್ಟರಲ್ಲಿ ಕಿಡಿ ಹಾರಿತು. ತಯಾರಾಗುತ್ತಿದ್ದ ಎಂಜಿನ್ ಬ್ಲೇಡು, ಟೂಲು, ಎರಡೂ ಸುಟ್ಟವು.

"ಸದ್ದು ಕೇಳಿಸ್ಲಿಲ್ವೇನ್ರೀ?" ಅಂತ ಸೂಪರ್‌ವೈಸರ್ ಅಣ್ಣನನ್ನು ಕೇಳಿದರು.

ನಾನೇ ಬಾಯಿ ಹಾಕಿದೆ. "ಯಾರಿಗೂ ಕೇಳಿಸ್ಲಿಲ್ಲ ಸಾರ್. ಫಿಲ್ಟರ್ ಕಟ್ಕೊಂಡಿತ್ತು."

ಬಸ್ಸಿನಲ್ಲಿ ಅಣ್ಣ ಮೆಲ್ಲಗೆ ಕೇಳಿದ, "ನಿಂಗೆ ಕೇಳಿಸ್ತು, ಅಲ್ವಾ?"

"ಹೂಂ."

"ಸುಮಾರು ದಿನದಿಂದ ಹಿಂಗೇ ಆಗ್ತಿದೆ. ನಿಮ್ಮತ್ತಿಗೆಗೆ ಹೇಳ್ಬೇಡ ಕಣೇ."

ಅವನ ಕಿವಿಯ ಹತ್ತಿರ ಬಾಗಿ ಹೇಳಿದೆ, "ಹೇಳಲ್ಲ. ಆದ್ರೆ ನಾಳೆಯಿಂದ ಮಿಷನ್ ನಾನು ನೋಡ್ಕೋತೀನಿ. ನೀನು ಅಳತೆ ಚೆಕ್ ಮಾಡು."

ಜಗಳಕ್ಕೆ ಬರುತ್ತಾನೆ ಅಂದುಕೊಂಡಿದ್ದೆ. ಚಿಕ್ಕಂದಿನಿಂದ ನನ್ನ ಒಂದು ಮಾತಿಗೂ ಒಪ್ಪಿದವನಲ್ಲ. ಇವತ್ತು ಹೂಂ ಅಂತ ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸಾಕು, ಕಣ್ಣು ಎಳೀತಿದೆ, ನಾಳೆ ಬೆಳಿಗ್ಗೆ ಅವನ ಮುಖ ಹೇಗೆ ನೋಡಲಿ…