ನೀವು ಚೆಲ್ಲಿಸಿದ ಬಾಟಲಿ

ಪ್ರೊಫೆಸರ್ ಸರ್ ಅವರಿಗೆ,

ಮದುವೆಯಾಗಿ ನಲವತ್ತು ದಿನವಾಯಿತು ಸರ್, ಇನ್ನೂ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ! ಈ ಸಂಭ್ರಮದಲ್ಲೇ ನಿಮ್ಮ ಪತ್ರ ಬಂತು. "ನಮ್ಮ ಆರ್‌ಎನ್‌ಎ ವೈರಸ್ಸಿನ ಆರ್‌ಎನ್‌ಎಯನ್ನು ಕತ್ತರಿಸ್ತಾನೇ ಇಲ್ಲ, ಯಾಕಮ್ಮ?" ಎಂದು ಕೇಳಿದ್ದೀರಿ. "ನಮ್ಮ" ಎಂಬುದನ್ನು ಓದಿ ನನ್ನ ಗಂಡ ಬಿದ್ದು ಬಿದ್ದು ನಕ್ಕರು.

ನಾನೊಬ್ಬಳೇ ರೂಪಿಸಿದ ಆ ಆರ್‌ಎನ್‌ಎ, ಪ್ರೋಟೀನಿನ ಸಹಾಯವಿಲ್ಲದೆ ತಾನೇ ಕಿಣ್ವದಂತೆ ವೈರಸ್ಸಿನದನ್ನು ಕತ್ತರಿಸುವುದನ್ನು ನಾನು ತೋರಿಸಿದ ದಿನ, "ರಜೆ ಹಾಕಿ ಹಾಯಾಗಿ ಮದುವೆ ಮಾಡ್ಕೊಂಡು ಬಾಮ್ಮ" ಎಂದಿರಿ. ಅದೇ ವಾರ ಅದರ ಬಗೆಗಿನ ಸಂಶೋಧನಾ ಲೇಖನದಿಂದ ನನ್ನ ಹೆಸರು ತೆಗೆದಿರಿ, ಮೇಜನ್ನೂ ಖಾಲಿ ಮಾಡಿಸಿದಿರಿ. ಅಲ್ಲಿದ್ದ ನನ್ನ ಬಾಟಲಿ ತೋರಿಸಿ, "ಉಪ್ಪುನೀರು ಕೂಡಿಟ್ಕೊಂಡಿದಾಳೆ, ಚೆಲ್ಲಯ್ಯ" ಎಂದು ಸಹಾಯಕರಿಗೆ ಹೇಳಿದಿರಂತೆ.

ಅದು ಮ್ಯಾಂಗನೀಸ್ ದ್ರಾವಣ ಸರ್. ಇಂಥ ಆರ್‌ಎನ್‌ಎಗಳಿಗೆ ಎಲ್ಲರೂ ಹಾಕುವ ಮೆಗ್ನೀಸಿಯಮ್ಮನ್ನೇ ನೀವೂ ಹಾಕುತ್ತಿದ್ದೀರಿ. ನನ್ನದು ಅದರಲ್ಲಿ ಸರಿಯಾಗಿ ಮಡಚಿಕೊಳ್ಳುವುದಿಲ್ಲ, ಮಡಚಿಕೊಳ್ಳದೆ ಕತ್ತರಿಸುವುದೂ ಇಲ್ಲ.

ಉತ್ತರ ಸಿಕ್ಕಿತೆಂದು ಹಿಗ್ಗಬೇಡಿ. ನನ್ನ ನೋಟ್‌ಬುಕ್ಕಿನ ಪ್ರತಿಯ ಜೊತೆ ಇದನ್ನೆಲ್ಲ ಮೊನ್ನೆಯೇ ನೀವು ಲೇಖನ ಕೊಟ್ಟಿರುವ ವಿಜ್ಞಾನ ಪತ್ರಿಕೆಯ ಸಂಪಾದಕರಿಗೆ ಕಳಿಸಿದ್ದೇನೆ. ನಿಮ್ಮ ಲೇಖನವನ್ನು ಅವರು ತಡೆಹಿಡಿದಿದ್ದಾರೆ. ಗುರುವಾರ ನಿಮ್ಮದೇ ಲ್ಯಾಬಿನಲ್ಲಿ, ಅವರ ತಜ್ಞರ ಎದುರು, ಪ್ರಯೋಗ ಮಾಡಿ ತೋರಿಸುವವಳು ನಾನೇ!

ದಯವಿಟ್ಟು ಹತ್ತು ಗಂಟೆಗೆ ಬೀಗ ತೆಗೆಸಿಡಿ. ಇಪ್ಪತ್ನಾಲ್ಕು ಟ್ಯೂಬುಗಳ ಮೇಲೆ ನನ್ನ ಹೆಸರು ಬರೆಯಬೇಕು. ಅದನ್ನು ನೀವೇ ಬರೆದುಕೊಡಿ ಸರ್, ನಿಮ್ಮ ಅಕ್ಷರ ದುಂಡಗಿದೆ.

ಗುರುವಾರಕ್ಕಾಗಿ ಕುಣಿಯುತ್ತಿರುವ,
ನಿಮ್ಮ ಹಳೆಯ ವಿದ್ಯಾರ್ಥಿನಿ