ನಮ್ಮ ಗಾಣದ ಎಣ್ಣೆ

ಮಿಲ್ಪಿಟಾಸ್, ಕ್ಯಾಲಿಫೋರ್ನಿಯಾ
೧೨ ಫೆಬ್ರುವರಿ ೧೯೮೭

ಶರಣಪ್ಪನ ಅಪ್ಪನವರಿಗೆ, ದಾನವ್ವ ದೂರದಿಂದಲೇ ಮಾಡುವ ಶರಣು.

ನಿಮ್ಮ ಮೊಣಕಾಲು ನೋವು ಹೇಗಿದೆ? ದಿನವೆಲ್ಲ ಗಾಣದ ಮುಂದೆ ನಿಂತೇ ಇರಬೇಡಿರಿ, ಆಳುಗಳೂ ಸ್ವಲ್ಪ ದುಡಿಯಲಿ. ರಾತ್ರಿ ರೊಟ್ಟಿ ಬಿಟ್ಟು ಬರೀ ಚುರುಮುರಿ ತಿಂದು ಮಲಗುತ್ತೀರಿ ಎಂದು ತಂಗಿ ಅಂಬವ್ವ ಗದಗಿನಿಂದ ಬರೆದಿದ್ದಾಳೆ. ಹೆಂಡತಿ ಊರಲ್ಲಿಲ್ಲ ಎಂದರೆ ಗಂಡಸರಿಗೆ ಹೊಟ್ಟೆಯೂ ಇರುವುದಿಲ್ಲವೇ? ಇಲ್ಲಿ ಮಗ ಆಫೀಸಿಗೆ ಹೋಗಿದ್ದಾನೆ, ಸೊಸೆ ಶೈಲಜಾ ರಜೆ ಹಾಕಿ ಮನೆಯಲ್ಲಿದ್ದಾಳೆ. ಮೊಮ್ಮಗ ಗುರು ಬದುಕಿದ್ದಾನೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ಓದುವಾಗ ನಿಮ್ಮ ಎದೆ ಒಡೆಯಬಾರದು.

ಮೂರು ವರ್ಷದ ಕೂಸಿನ ಮೈತುಂಬ ಇಸಬು. ಅದಕ್ಕೇ ಅಲ್ಲವೇ ಇವರು ದಸರೆಗೆ ನನ್ನನ್ನು ಕರೆಸಿಕೊಂಡದ್ದು. ಮೊಣಕಾಲ ಹಿಂದೆ, ಮೊಣಕೈ ಮಡಿಕೆಯಲ್ಲಿ ಕೆರೆದು ಕೆರೆದು ರಕ್ತ. ದೀಪಾವಳಿಯ ಮೇಲೆ ಇಲ್ಲಿಯ ಡಾಕ್ಟರಮ್ಮ, ಇದು ಊಟದಿಂದ ಬರುತ್ತಿರಬಹುದು, ಕೆಲವು ದಿನ ಬಿಡಿಸಿ ನೋಡೋಣ ಅಂದಳು. ತತ್ತಿ ಬಿಡಿಸಿರಿ ಅಂದಳಂತೆ, ನಮ್ಮ ಮನೆಯಲ್ಲಿ ಬಿಡುವುದಕ್ಕೆ ತತ್ತಿ ಎಲ್ಲಿಂದ ಬರಬೇಕು? ಹಾಲು ಹೋಯಿತು, ಮೊಸರು, ತುಪ್ಪ, ಗೋಧಿ, ಶೇಂಗಾ ಎಲ್ಲವೂ ಹೋದವು. ಉಳಿದದ್ದು ಅನ್ನ, ಗಜ್ಜರಿ, ಸೇಬು. ಪಕ್ಕದ ಮನೆಯ ಬರ್ತ್‌ಡೇಯಲ್ಲಿ ಹುಡುಗರೆಲ್ಲ ಕೇಕು ತಿನ್ನುತ್ತಿದ್ದರೆ ಇವನು ಡಬ್ಬಿಯ ಅನ್ನ ಹಿಡಿದು ಮೂಲೆಯಲ್ಲಿ ಕುಳಿತಿದ್ದ. ಅಂಗಿ ತೊಡಿಸುವಾಗ ಪಕ್ಕೆಲುಬು ಕೈಗೆ ಹತ್ತುತ್ತವೆ. "ಅಜ್ಜೀ, ಹಂಗ್ರಿ" ಅನ್ನುತ್ತಾನೆ, ಅಷ್ಟು ಇಂಗ್ಲಿಷು ನನಗೂ ಬಂತು. ಇಷ್ಟಾದರೂ ತುರಿಕೆ ಮಾತ್ರ ಕಡಿಮೆಯಾಗಲಿಲ್ಲ.

ನಾನು ಸುಮ್ಮನೆ ಕೂಡುವವಳೇ? ಬಾಯಿಗೆ ಏನೂ ಹಾಕುವಂತಿಲ್ಲ, ಮೈಗಾದರೂ ಬಲ ಬರಲಿ ಎಂದು ಊರಿಂದ ತಂದ ನಮ್ಮ ಗಾಣದ ಶೇಂಗಾ ಎಣ್ಣೆಯನ್ನು ದಿನಾ ಬೆಚ್ಚಗೆ ಮಾಡಿ ತಿಕ್ಕಿ ನೀರು ಹಾಕುತ್ತಿದ್ದೆ. ನಿಮ್ಮ ಅವ್ವ ಶರಣಪ್ಪನನ್ನು ಹಾಗೇ ತಿಕ್ಕಿ ಬೆಳೆಸಲಿಲ್ಲವೇ. ಗಾಯ ಹಸಿಯಾಗಿದ್ದಲ್ಲಿ ಇನ್ನೂ ಒಂದು ಕೈ ಹೆಚ್ಚು. ಸೊಸೆ ಅಂಗಡಿ ಮುಲಾಮು ತಂದರೆ, "ಹಿತ್ತಲ ಗಿಡ ಮದ್ದಲ್ಲ ಅನ್ನೋ ಮಂದಿ ನೀವು" ಎಂದು ಹಂಗಿಸಿದೆ. ಆಕೆಯೂ ನಕ್ಕು, ಎಣ್ಣೆ ಬಟ್ಟಲನ್ನು ಬಿಸಿನೀರಲ್ಲಿ ಇಟ್ಟುಕೊಡುತ್ತಿದ್ದಳು. ಎಣ್ಣೆ ಹಚ್ಚಿದಲ್ಲೆಲ್ಲ ದದ್ದು ಏಳುತ್ತಿತ್ತು. ಸಾಬೂನಿಗೆ ಹೀಗಾಗುತ್ತದೆ ಎಂದು ಸಾಬೂನು ಬದಲಿಸಿದೆವು. ಡಾಕ್ಟರಮ್ಮ ಕೂಸು ತಿನ್ನುವುದನ್ನೆಲ್ಲ ಕೇಳಿದಳು, ಮೈಗೆ ತಿಕ್ಕುವುದನ್ನು ಕೇಳಲಿಲ್ಲ. ನಮಗೂ ಹೇಳಬೇಕೆಂದು ತೋಚಲಿಲ್ಲ. ಎಣ್ಣೆ ನೀರೇನು ಊಟವೇ?

ಹೋದ ವಾರ ಡಾಕ್ಟರಮ್ಮ, ಇನ್ನು ಒಂದೊಂದಾಗಿ ತಿರುಗಿ ಕೊಟ್ಟು ನೋಡಿರಿ ಅಂದಳು. ಮೊದಲು ಶೇಂಗಾ ಕೊಡೋಣ, ಅದನ್ನು ತಿಂದೇ ಬೆಳೆದ ಮನೆತನ ನಮ್ಮದು ಎಂದವಳು ನಾನು. ದಸರೆಗೆ ನಾನು ತಂದ ಶೇಂಗಾ ಹೋಳಿಗೆಯನ್ನು ತಿಂದು ಇನ್ನೊಂದಕ್ಕೆ ಕೈ ಚಾಚಿದ ಕೂಸು, ಆಗ ಏನೂ ಆಗಿರಲಿಲ್ಲ. ಶನಿವಾರ ಅನ್ನಕ್ಕೆ ಒಂದು ಚಿಟಿಕೆ ಶೇಂಗಾ ಚಟ್ನಿಪುಡಿ ಕಲಸಿ ಬಾಯಿಗಿಟ್ಟೆ. ರುಚಿ ಹತ್ತಿ ಮತ್ತೊಂದು ತುತ್ತಿಗೆ ಬಾಯಿ ತೆರೆದ. ನೋಡುತ್ತಿದ್ದಂತೆ ತುಟಿ ಊದಿತು, ಕಣ್ಣು ಮುಚ್ಚಿಹೋದವು, ಉಸಿರು ಸಿಳ್ಳೆ ಹೊಡೆದ ಹಾಗೆ ಬರತೊಡಗಿತು. ಶರಣಪ್ಪ ಫ್ರೀವೇ ಮೇಲೆ ಕಾರು ಹೇಗೆ ಓಡಿಸಿದನೋ ದೇವರಿಗೇ ಗೊತ್ತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಎಷ್ಟೋ ಹೊತ್ತಿನ ಮೇಲೆ ಕೂಸು ಜೋರಾಗಿ ಅತ್ತಿತು.

ಇನ್ನು ಮುಂದೆ ಒಂದು ಕಾಳು ಶೇಂಗಾವೂ ತಾಗಬಾರದಂತೆ. ಆಗ ನಾನೇ ಎಣ್ಣೆಯ ಮಾತು ತೆಗೆದೆ, ಶರಣಪ್ಪ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಡಾಕ್ಟರಮ್ಮ, ಅದರಿಂದಲೇ ಆಯಿತು ಎನ್ನಲಾರೆ, ಅಲ್ಲ ಎಂದೂ ಹೇಳಲಾರೆ ಅಂದಳಂತೆ. ನನಗೆ ಅನುಮಾನ ಉಳಿದಿಲ್ಲ, ಬಾಯಿಗೆ ಬಿಡಿಸಿ ಹಸಿ ಗಾಯಕ್ಕೆ ತಿಕ್ಕಿದ್ದರಿಂದಲೇ ಶೇಂಗಾ ಕೂಸಿಗೆ ವಿಷವಾಯಿತು. ಮಗ, "ಅವ್ವಾ, ನಿಂದೇನ್ ತಪ್ಪಿಲ್ಲ ಬಿಡು" ಅನ್ನುತ್ತಾನೆ. ಮರುದಿನ ಕೂಸಿಗೆ ನೀರು ಹಾಕಲು ಎದ್ದರೆ, ಶೈಲಜಾ ನನ್ನ ಕೈಯಿಂದ ಟವೆಲ್ಲನ್ನು ಮೆಲ್ಲಗೆ ತೆಗೆದುಕೊಂಡಳು. ಜಗಳಕ್ಕೆ ಬಂದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಗುರು ಈಗಲೂ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಅಂಗಿ ಬಿಚ್ಚಿ ನಿಂತು ನನ್ನ ಕಡೆಗೇ ಕೈ ಚಾಚುತ್ತಾನೆ. ನಾನು ಅಡಿಗೆಮನೆಗೆ ಹೋಗಿಬಿಡುತ್ತೇನೆ. ನನಗೆ ಬದುಕೇ ಸಾಕಾಗಿದೆ.

ಮನೆದೇವರು ವೀರಭದ್ರ ನಿಮ್ಮನ್ನಾದರೂ ನೆಟ್ಟಗಿಟ್ಟಿರಲಿ. ಅಂಬವ್ವನಿಗೆ, ಗಾಣದ ಮಂದಿಗೆ ನನ್ನ ನೆನಪು ಹೇಳಿರಿ.

ನಿಮ್ಮ
ದಾನವ್ವ

ತಾ.ಕ.: ಅಂಚೆಗೆ ಹಾಕಲು ಶೈಲಜಾ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಬರುವ ತಿಂಗಳು ಇಲ್ಲಿಗೆ ಬರುವ ಅಪ್ಪಾಸಾಹೇಬನ ಕೈಯಲ್ಲಿ ಎಣ್ಣೆ ಕಳಿಸಬೇಡಿರಿ. ಬೇಸಿಗೆಗೆ ನೀವು ಬರಲು ತೆಗೆಸಿದ ಟಿಕೀಟನ್ನೂ ರದ್ದು ಮಾಡಿಸಿರಿ. ನಿಮ್ಮ ಅಂಗಿಯಲ್ಲಿ, ಧೋತರದಲ್ಲಿ, ಉಗುರಿನ ಸಂದಿಯಲ್ಲಿ ಎಲ್ಲ ಕಡೆ ಗಾಣವಿದೆ, ಇಷ್ಟು ವರ್ಷ ಒಗೆದು ಸೋತವಳಿಗೆ ಗೊತ್ತಿಲ್ಲವೇ. ಮೊಮ್ಮಗನನ್ನು ನೀವು ಒಂದು ಸಲವೂ ಎತ್ತಿಕೊಂಡಿಲ್ಲ ಎಂಬುದೂ ಗೊತ್ತಿದೆ. ಇದು ಸೊಸೆಯ ಮಾತಲ್ಲ, ನಾನೇ ಬರೆಯುತ್ತಿದ್ದೇನೆ. ನೀವು ಬರಬೇಡಿರಿ.